ಕರಟದ ವಿಚಾರಣೆ

ಅನಸೂಯಾ ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಫ್ರಾನ್ಸಿನ ಇತಿಹಾಸ ಪಾಠ ಮಾಡಿದ್ದರು. ಕ್ರಾಂತಿಗೆ ಆರು ಕಾರಣ, ಆರು ಪರಿಣಾಮ, ಹತ್ತು ಅಂಕ. ಅಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಫ್ರೆಂಚ್ ಮನುಷ್ಯನ ಮುಖವನ್ನು ಅವರು ಸರಿಯಾಗಿ ನೋಡಿರಲಿಲ್ಲ. ಆ ಯೋಗ ಕೂಡಿ ಬಂದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಜಪಾನಿನಲ್ಲಿ, ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದಾಗ. ಅಳಿಯ ವಿಘ್ನೇಶ್ ಒಂದು ಭಾನುವಾರ ಅವರನ್ನು ಟೋಕಿಯೋದ ಒಂದು ಸಣ್ಣ ಮ್ಯೂಸಿಯಂಗೆ ಕರೆದುಕೊಂಡು ಹೋದ. ಹೊರಗೆ ಚಳಿಗಾಳಿ ಬೀಸುತ್ತಿತ್ತು, ಒಳಗೆ ಹೀಟರ್ ಇತ್ತು. ಹೋಗಲು ಅಷ್ಟು ಕಾರಣ ಸಾಕಾಗಿತ್ತು.

ಒಳಗಿದ್ದದ್ದು ನೂರ ಎಂಬತ್ತು ವರ್ಷ ಹಿಂದೆ ಪ್ಯಾರಿಸಿನ ಪತ್ರಿಕೆಗಳಲ್ಲಿ ಬಂದ ವ್ಯಂಗ್ಯಚಿತ್ರಗಳು. ನುಣುಪು ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು ಅಚ್ಚೊತ್ತಿದಂಥವು. ಮೊದಲನೆಯದರ ಮುಂದೆಯೇ ಅನಸೂಯಾ ಹತ್ತು ನಿಮಿಷ ನಿಂತುಬಿಟ್ಟರು. ಒಬ್ಬ ವಕೀಲ ಎರಡೂ ಕೈ ಮೇಲೆತ್ತಿ ಗೋಳಾಡುತ್ತಿದ್ದಾನೆ. ಅವನ ಒಂದು ಕಣ್ಣಲ್ಲಿ ನೀರು. ಇನ್ನೊಂದು ಕಣ್ಣು, ಆ ನೀರು ನ್ಯಾಯಾಧೀಶರಿಗೆ ಕಾಣಿಸಿತೋ ಇಲ್ಲವೋ ಎಂದು ಓರೆಯಾಗಿ ತಿರುಗಿದೆ. ನ್ಯಾಯಾಧೀಶರು ನಿದ್ದೆ ಹೋಗಿದ್ದಾರೆ. ಪಕ್ಕದ ಚಿತ್ರದಲ್ಲಿ ಶಾಸನಸಭೆಯ ಸದಸ್ಯರು ಸಾಲಾಗಿ, ಹೊಟ್ಟೆಯ ಮೇಲೆ ಕೈಕಟ್ಟಿ, ಗದ್ದ ಎದೆಗೆ ಆನಿಸಿ ದೇಶದ ಚಿಂತೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ.

"ಅಯ್ಯೋ, ಇವರು ನಮ್ಮ ಕಾಲೇಜಿನ ಆಡಳಿತ ಮಂಡಳಿಯವರು!" ಎಂದರು ಅನಸೂಯಾ ಜೋರಾಗಿ. ಮೂಲೆಯಲ್ಲಿ ಕೂತಿದ್ದ ಕಾವಲಿನ ಹುಡುಗಿ ಎದ್ದು ಬಂದಳು. ಗದರಿಸುತ್ತಾಳೆ ಎಂದುಕೊಂಡರೆ, ಒಂದು ಮಡಚುವ ಕುರ್ಚಿಯನ್ನು ಸದ್ದಿಲ್ಲದೆ ಅವರ ಹಿಂದೆ ಬಿಡಿಸಿಟ್ಟು ಹೋದಳು.

ವಿಘ್ನೇಶ್ ಗೋಡೆಯ ಮೇಲಿನ ಜಪಾನಿ ಬರಹವನ್ನು ಓದಿ ಹೇಳುತ್ತಿದ್ದ. "ಅತ್ತೆ, ರಾಜನ ಕಾರ್ಟೂನ್ ಬರೆದಿದ್ದಕ್ಕೆ ಈ ಆರ್ಟಿಸ್ಟ್‌ನ ಆರು ತಿಂಗಳು ಜೈಲಿಗೆ ಹಾಕಿದ್ರಂತೆ. ಆಮೇಲೆ ರಾಜಕೀಯದ ಕಾರ್ಟೂನೇ ಬರೀಬಾರದು ಅಂತ ಹೊಸ ಕಾನೂನು ಬಂತಂತೆ. ಆಗ ರಾಜನ್ನ ಬಿಟ್ಟು ಅಕ್ಕಪಕ್ಕದೋರನ್ನ ಬರೆಯೋಕೆ ಶುರು ಮಾಡಿದ್ನಂತೆ."

"ಜಾಣ. ಅಕ್ಕಪಕ್ಕದವರು ಜೈಲಿಗೆ ಹಾಕೋದಿಲ್ಲ."

"ಮಾತು ಬಿಡ್ತಾರೆ, ಅಷ್ಟೆ."

ಎರಡು ಸಂಗತಿಗಳು ಅನಸೂಯಾರ ಮನಸ್ಸಿನಲ್ಲಿ ನಿಂತುಬಿಟ್ಟವು. ಒಂದು, ಆ ಚಿತ್ರಗಳು ಮಾಮೂಲಿ ಸುದ್ದಿಕಾಗದದ ಮೇಲೆಯೇ ಇದ್ದವು. ಹಿಂಬದಿಯ ಅಕ್ಷರಗಳು ಈ ಕಡೆಯ ಆಕಾಶದಲ್ಲಿ, ಗೋಡೆಯಲ್ಲಿ, ಹೆಂಗಸರ ಲಂಗದಲ್ಲಿ ಮಸುಕುಮಸುಕಾಗಿ ಮೂಡಿದ್ದವು. ಇನ್ನೊಂದು, ಚಿತ್ರದ ಕೆಳಗಿನ ಮಾತುಗಳನ್ನು ಬಹಳ ಸಲ ಚಿತ್ರಗಾರ ಬರೆದೇ ಇರಲಿಲ್ಲವಂತೆ. ಅವನು ಕೆಳಗೆ ಒಂದು ಪಟ್ಟಿ ಖಾಲಿ ಬಿಡುತ್ತಿದ್ದ; ಪತ್ರಿಕೆಯ ಕಚೇರಿಯಲ್ಲಿ ಯಾರೋ ಮಾತು ಕೂಡಿಸುತ್ತಿದ್ದರು.

ಹಿಂಬದಿಯ ವಿಷಯ ಅನಸೂಯಾರಿಗೆ ಹೊಸದೇನೂ ಆಗಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಗೆ ಕೂತಾಗ, ಮಿಕ್ಕ ಪ್ರಶ್ನೆಪತ್ರಿಕೆಗಳ ಹಿಂದೆ ಅವರು ಪ್ರಿನ್ಸಿಪಾಲರ ಮೂಗು, ಗುಮಾಸ್ತರ ಹೊಟ್ಟೆ ಬರೆಯುತ್ತಿದ್ದರು. ಗಂಟೆ ಹೊಡೆದ ಕೂಡಲೇ ಹರಿದು ಪರ್ಸಿಗೆ ಹಾಕಿಕೊಂಡು ಬಂದು ಒಲೆಗೆ ಹಾಕುತ್ತಿದ್ದರು. ಆ ಎಚ್ಚರಿಕೆಯಿಂದಲೇ ಅವರು ಕೆಲಸ ಉಳಿಸಿಕೊಂಡು ಪಿಂಚಣಿ ತೆಗೆದುಕೊಂಡದ್ದು. ಟೋಕಿಯೋ ಪಕ್ಕದ ಇಚಿಕಾವಾದ ಮಗಳ ಮನೆಯಲ್ಲಿ ಒಲೆ ಇರಲಿಲ್ಲ.

ಮಗಳು ಜ್ಯೋತ್ಸ್ನಾ ಇದ್ದದ್ದು ಐದು ಮಹಡಿಯ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಒಂದು ಮೆಟ್ಟಿಲಸಾಲಿಗೆ ಹತ್ತು ಮನೆ. ಕೆಳಗೆ, ಕಟ್ಟಡಗಳ ನಡುವೆ, ನಿವಾಸಿಗಳ ಸಂಘಕ್ಕೆ ಸೇರಿದ ಒಂದು ಸಭಾಕೋಣೆ. ಆ ಕೋಣೆಯಲ್ಲಿ ಪ್ರತಿ ಶನಿವಾರ ಜ್ಯೋತ್ಸ್ನಾ ಹದಿನಾಲ್ಕು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದಳು. ಒಂಬತ್ತು ವರ್ಷದ ಅವಳ ಮಗಳು ನಿಧಿ "ಅಜ್ಜಿ, ಊಟ ಆಯ್ತಾ?" ಎಂದು ಕೇಳುವುದನ್ನು ಕಲಿತದ್ದು ಅಲ್ಲೇ; ಉತ್ತರ ಬಂದಾಗ ಮಾತ್ರ ಇಂಗ್ಲಿಷಿಗೆ ಜಾರುತ್ತಿದ್ದಳು. ವರ್ಷಕ್ಕೊಮ್ಮೆ ಕೋಣೆಗೆ ಅರ್ಜಿ ಹಾಕಬೇಕು. ಈ ವರ್ಷ ಹಾಕಿದ ಅರ್ಜಿಗೆ ಎರಡು ತಿಂಗಳಾದರೂ ಒಪ್ಪಿಗೆ ಬಂದಿರಲಿಲ್ಲ. ಬದಲಿಗೆ, ಬರುವ ಭಾನುವಾರದ ಸಭೆಯಲ್ಲಿ ಈ ವಿಷಯ ತೀರ್ಮಾನವಾಗುತ್ತದೆ ಎಂಬ ಸೂಚನೆ ಬಂದಿತ್ತು. ಕೋಣೆ ಹೋದರೆ ತರಗತಿಯೂ ಹೋದ ಹಾಗೆಯೇ. ಹದಿನಾಲ್ಕು ಮಕ್ಕಳು ಕೂರುವಷ್ಟು ಜಾಗ ಯಾರ ಮನೆಯಲ್ಲೂ ಇರಲಿಲ್ಲ.

ಕಾರಣ ಏನೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದ್ದರಿಂದ ಎಲ್ಲರಿಗೂ ಕಾರಣ ಗೊತ್ತಿತ್ತು.

"ಕರಟಾನೇ ಕಾರಣ," ಎನ್ನುತ್ತಿದ್ದಳು ಜ್ಯೋತ್ಸ್ನಾ. ಗಣೇಶನ ಹಬ್ಬದ ಮಾರನೆಯ ದಿನ ಹನ್ನೊಂದು ತೆಂಗಿನಕಾಯಿಯ ಕರಟಗಳನ್ನು ಚೀಲದಲ್ಲಿ ಕಟ್ಟಿ ಕಸದ ಜಾಗದಲ್ಲಿ ಇಟ್ಟಿದ್ದರು. ಅದು ಸುಡುವ ಕಸವೋ, ಸುಡದ ಕಸವೋ? ಕಸದ ಲಾರಿಯವರು ಚೀಲ ಒಯ್ಯದೆ ಹಳದಿ ಚೀಟಿ ಅಂಟಿಸಿ ಹೋದರು. ಸಂಘದ ಅಧ್ಯಕ್ಷ ಕುರಿಹಾರಾ-ಸಾನ್, ಎಪ್ಪತ್ತು ದಾಟಿದ ಕಡ್ಡಿಯಂಥ ಮನುಷ್ಯ, ಆ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ದಿಟ್ಟಿಸಿದ್ದನ್ನು ಅನಸೂಯಾ ಬಾಲ್ಕನಿಯಿಂದ ಕಂಡಿದ್ದರು.

"ಕರಟ ಅಲ್ಲ, ಎದುರುಮನೆ ಅಜ್ಜಿ," ಎನ್ನುತ್ತಿದ್ದ ವಿಘ್ನೇಶ್. ಎದುರುಮನೆಯ ಸುಗಿಯಾಮಾ-ಸಾನ್‌ಗೆ ಎಂಬತ್ತಮೂರು. ಒಂಟಿ ಹೆಂಗಸು. ಪ್ರತಿ ಶನಿವಾರ ಮಕ್ಕಳು ಕಾಗುಣಿತ ಕೂಗುವ ಹೊತ್ತಿಗೆ ಸರಿಯಾಗಿ ಬಂದು ಸಭಾಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು, ಕಿವಿಯ ಹಿಂದೆ ಅಂಗೈ ಕೊಟ್ಟು ಆಲಿಸುತ್ತಿದ್ದರು. "ಡೆಸಿಬಲ್ ಲೆಕ್ಕ ಹಾಕ್ತಿದಾರೆ ಅತ್ತೆ, ನೋಡಿ ಬೇಕಾದ್ರೆ. ಕಂಪ್ಲೇಂಟ್ ಅವರದ್ದೇ."

ಮೂರನೆಯ ಅಭಿಪ್ರಾಯ ಕನ್ನಡ ಸಂಘದ ಅಧ್ಯಕ್ಷ ಗಿರಿಧರ್ ಅವರದು. ಅವರಿದ್ದದ್ದು ಯೋಕೋಹಾಮಾದಲ್ಲಿ, ತರಗತಿಗೆ ಬಂದದ್ದು ವರ್ಷಕ್ಕೆ ಎರಡು ಸಲ, ಎರಡು ಸಲವೂ ಫೋಟೋಗ್ರಾಫರ್ ಜೊತೆ. "ಮೇಡಂ, ನಾವು ಅವರನ್ನ ಒಂದು ಸಲಾನೂ ಸನ್ಮಾನ ಮಾಡಿಲ್ಲ. ಅದೇ ಬೇಜಾರು ಅವರಿಗೆ. ಭಾನುವಾರ ನಾನೇ ಬರ್ತೀನಿ. ಶಾಲು ತರ್ತೀನಿ, ಪೇಟ ತರ್ತೀನಿ. ಎರಡೇ ಮಾತು ಆಡ್ತೀನಿ." ಗಿರಿಧರರ ಎರಡು ಮಾತು ಎಂದರೆ ನಲವತ್ತು ನಿಮಿಷ ಎಂಬುದು ನಗೋಯಾದವರೆಗೂ ಪ್ರಸಿದ್ಧವಾಗಿತ್ತು.

ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಮ್ಯೂಸಿಯಂನ ವಕೀಲ ಅನಸೂಯಾರ ತಲೆಯಲ್ಲಿ ಇನ್ನೂ ಅಳುತ್ತಲೇ ಇದ್ದ. ನಿಧಿಯ ಮೇಜಿನ ಮೇಲೆ ಮೆತ್ತನೆಯ ದಪ್ಪ ಪೆನ್ಸಿಲ್ ಇತ್ತು. ಕಾಗದ? ಹೊಸ ಹಾಳೆ ಹಾಳು ಮಾಡಲು ಅವರಿಗೆ ಮನಸ್ಸು ಬರುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಸಿಕ್ಕಿಸಿದ ಜಪಾನಿ ನೋಟೀಸುಗಳು ಎಷ್ಟೋ ಇದ್ದವು: ಕಸದ ದಿನಗಳು, ಶಾಲೆಯ ಊಟದ ಪಟ್ಟಿ, ನಲ್ಲಿ ದುರಸ್ತಿ. "ಹಳೇವನ್ನೆಲ್ಲ ನೀವು ಬರೆಯೋಕೆ ತಗೊಳ್ಳಿ ಅತ್ತೆ," ಎಂದು ವಿಘ್ನೇಶ್ ಹಿಂದಿನ ವಾರ ಹೇಳಿದ್ದ. ಯಾವುದು ಹಳೆಯದು ಎಂದು ಹೇಳಿರಲಿಲ್ಲ. ಅನಸೂಯಾರಿಗೆ ಎಲ್ಲವೂ ಒಂದೇ ಥರ ಕಂಡವು. ಒಳ್ಳೆಯ ದಪ್ಪ ಕಾಗದದ್ದನ್ನು ಆರಿಸಿ, ತಿರುಗಿಸಿ, ಊಟದ ಮೇಜಿನ ಮೇಲೆ ಇಟ್ಟುಕೊಂಡರು.

ಎರಡು ಗಂಟೆಯಲ್ಲಿ ನ್ಯಾಯಾಲಯವೊಂದು ಎದ್ದು ನಿಂತಿತು. ಕಟಕಟೆಯಲ್ಲಿ ಆರೋಪಿ: ಒಂದು ಕರಟ, ಮೂರು ಕಣ್ಣು ಪಿಳಿಪಿಳಿ ಬಿಡುತ್ತಾ. ಎತ್ತರದ ಪೀಠದಲ್ಲಿ ನ್ಯಾಯಾಧೀಶ ಕುರಿಹಾರಾ-ಸಾನ್, ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದು ಕೈ ಕಸದ ಚೀಲದೊಳಗೆ ಮೊಣಕೈವರೆಗೆ. ಆರೋಪಿಯ ಪರ ವಕೀಲ ಗಿರಿಧರ್, ತಲೆಗೆ ಪೇಟ, ಹೆಗಲ ಮೇಲೆ ಏಳು ಶಾಲು, ಕಣ್ಣಲ್ಲಿ ನೀರು, ಮುಖ ಮಾತ್ರ ಕ್ಯಾಮೆರಾದ ಕಡೆ. ಅವರ ಕಾಲ ಬಳಿ ಕಕ್ಷಿದಾರ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದಾರೆ. ಸಾಕ್ಷಿಯ ಜಾಗದಲ್ಲಿ ಸುಗಿಯಾಮಾ-ಸಾನ್. ಅವರ ಕಿವಿ ಮಾತ್ರ ಮೊರದಷ್ಟು ದೊಡ್ಡದು, ಇಡೀ ಮೂಲೆಯನ್ನು ತುಂಬಿತ್ತು. ಹಿಂಬದಿಯ ಜಪಾನಿ ಅಕ್ಷರಗಳು ನ್ಯಾಯಾಲಯದ ಗೋಡೆಯಲ್ಲಿ ಮಸುಕಾಗಿ ಮೂಡಿ ಥೇಟ್ ಪ್ಯಾರಿಸಿನ ಪತ್ರಿಕೆಯ ಹಾಗೇ ಕಂಡವು. ಕೆಳಗೆ ಒಂದು ಪಟ್ಟಿ ಖಾಲಿ ಬಿಟ್ಟರು. ರಾತ್ರಿ ಊಟಕ್ಕೆ ಕೂತಾಗ ವಿಘ್ನೇಶನ ಕೈಲಿ ಮಾತು ಬರೆಸಬೇಕು.

ಆಮೇಲೆ ಸ್ವಲ್ಪ ನಾಚಿಕೆಯಾಯಿತು. ಚಿತ್ರವನ್ನು ಒಳಮುಖ ಮಾಡಿ, ಅಕ್ಷರದ ಕಡೆ ಹೊರಗಿಟ್ಟು, ಮತ್ತೆ ಫ್ರಿಜ್ಜಿಗೆ ಸಿಕ್ಕಿಸಿದರು. ರಾತ್ರಿ ವಿಘ್ನೇಶ್ ಬಂದದ್ದು ತಡವಾಗಿ. ಮಾತು ಮರೆತೇ ಹೋಯಿತು.

ಬುಧವಾರ ಸಂಜೆ ಅವರು ಫ್ರಿಜ್ಜಿನ ಮುಂದೆ ನಿಂತು ಹುಡುಕುತ್ತಿದ್ದರು.

"ಜ್ಯೋತ್ಸ್ನಾ, ಇಲ್ಲಿ ಒಂದು ದಪ್ಪ ಕಾಗದ ಇತ್ತಲ್ಲೇ?"

"ಯಾವ್ದಮ್ಮಾ? ಸಭೆ ನೋಟೀಸಾ? ಅದನ್ನ ಬೆಳಗ್ಗೇನೇ ಕಾಯಿರಾನ್‌ಬಾನ್‌ಗೆ ಹಾಕಿ ಕಳಿಸ್ದೆ."

"ಏನು ಬಾನು?"

ಜ್ಯೋತ್ಸ್ನಾ ಈರುಳ್ಳಿ ಹೆಚ್ಚುತ್ತಲೇ ವಿವರಿಸಿದಳು. ಮನೆಯಿಂದ ಮನೆಗೆ ಹೋಗುವ ಕ್ಲಿಪ್ಪಿನ ಹಲಗೆ ಅದು. ಸಂಘದ ನೋಟೀಸನ್ನು ಅದಕ್ಕೆ ಸಿಕ್ಕಿಸಿರುತ್ತಾರೆ. ಒಂದೊಂದು ಮನೆಯವರೂ ಓದಿ, ತಮ್ಮ ಚೌಕದಲ್ಲಿ ಮುದ್ರೆ ಒತ್ತಿ, ಪಕ್ಕದ ಮನೆಯ ಬಾಗಿಲಿಗೆ ತೂಗುಹಾಕಬೇಕು. ಹತ್ತನೆಯ ಮುದ್ರೆ ಒಂದನೇ ಮಹಡಿಯ ಕುರಿಹಾರಾ-ಸಾನ್ ಅವರದು. ಅದು ಬಿದ್ದರೆ ಸುತ್ತು ಮುಗಿಯಿತು. "ಕ್ಲಾಸಿನ ಗ್ರೂಪ್‌ಗೆ ಫೋಟೋ ಹಾಕೋಣ ಅಂತ ಅದನ್ನ ಬಿಚ್ಚಿ ಫ್ರಿಜ್‌ಗೆ ಸಿಕ್ಸಿದ್ದೆ. ಯಾಕಮ್ಮಾ?"

ಅನಸೂಯಾ ಕುರ್ಚಿ ಎಳೆದುಕೊಂಡು ಕೂತರು. "ಅದರ ಹಿಂದೆ ನಾನು ಒಂಚೂರು ಬರೆದಿದ್ದೆ," ಎಂದರು.

"ಏನ್ ಬರೆದಿದ್ರಿ?"

"ಎಲ್ಲರನ್ನೂ."

ಈರುಳ್ಳಿ ಅಷ್ಟಕ್ಕೇ ನಿಂತಿತು. ಜ್ಯೋತ್ಸ್ನಾ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಎದುರುಮನೆಗೆ ಓಡಿದಳು. ಐದು ನಿಮಿಷದಲ್ಲಿ ಬಂದಳು. ಮುಖ ಬಿಳುಚಿಕೊಂಡಿತ್ತು.

"ಅವರು ಆಗಲೇ ಮುಂದಿನ ಮನೆಗೆ ಕೊಟ್ಬಿಟ್ಟಿದಾರೆ. 'ತಾಯಿಯವರು ಬರೆದದ್ದಾ, ಪೆನ್ಸಿಲ್ ಉಜ್ಜಿಹೋಗುತ್ತೆ ಅಂತ ಪ್ಲಾಸ್ಟಿಕ್ ಹೊದಿಕೆಗೆ ಹಾಕಿ ಕಳಿಸ್ದೆ' ಅಂದ್ರು. ನಗ್ತಾನೇ ಹೇಳಿದ್ರಮ್ಮಾ! ಜಪಾನಿನವರು ಇಷ್ಟು ಚೆನ್ನಾಗಿ ನಕ್ಕರೆ ಅದರರ್ಥ ಏನು ಅಂತ ನನಗೆ ಹತ್ತು ವರ್ಷ ಆದ್ರೂ ಗೊತ್ತಾಗಿಲ್ಲ."

"ಅವರ ಕಿವೀನೂ ಇದೆ ಅದರಲ್ಲಿ," ಎಂದರು ಅನಸೂಯಾ ಸಣ್ಣ ದನಿಯಲ್ಲಿ.

ಹೊರಟ ಹಲಗೆಯನ್ನು ನಡುದಾರಿಯಲ್ಲಿ ಹಿಡಿದು ನಿಲ್ಲಿಸುವ ಕ್ರಮವೇ ಅಲ್ಲಿರಲಿಲ್ಲ. ವಿಘ್ನೇಶ್ ಮೆಟ್ಟಿಲು ಹತ್ತಿಳಿದು ನೋಡಿದ. ಗುರುವಾರ ಅದು ಐದನೇ ಮಹಡಿಯಲ್ಲಿತ್ತು, ಶುಕ್ರವಾರ ಎರಡನೆಯದರಲ್ಲಿ. ಎದುರು ಸಿಕ್ಕಿದ ಮನೆಯವರೆಲ್ಲ ಎಂದಿಗಿಂತ ಎರಡು ಅಂಗುಲ ಹೆಚ್ಚು ಬಗ್ಗಿ ನಮಸ್ಕರಿಸಿದರು. ಚಿತ್ರದ ಸುದ್ದಿ ಯಾರೂ ಎತ್ತಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

ಶುಕ್ರವಾರ ಸಂಜೆ ಗಿರಿಧರ್ ವಿಡಿಯೋ ಕಾಲ್‌ನಲ್ಲಿ ಬಂದರು. ಹಿನ್ನೆಲೆಯಲ್ಲಿ ಅವರಿಗೇ ಸಂದ ಸನ್ಮಾನಪತ್ರಗಳು ಗೋಡೆ ತುಂಬ.

"ನೋಡಿ ಮೇಡಂ, ಸಿಂಪಲ್ ಸಲ್ಯೂಷನ್. ಮಗು ಬರೆದಿದ್ದು ಅಂದ್ಬಿಡೋಣ. ಮಕ್ಕಳು ಅಂದ್ರೆ ಇಲ್ಲಿ ಎಲ್ಲಾ ಮಾಫಿ. ನಿಧಿ ಪುಟ್ಟ ಒಂದು ಸಲ ಬಗ್ಗಿ ಗೋಮೆನ್ನಾಸಾಯ್ ಅಂದ್ರೆ ಮುಗೀತು, ರೂಮು ನಮ್ದೇ."

ನಿಧಿ ಹೋಮ್‌ವರ್ಕಿನಿಂದ ತಲೆ ಎತ್ತಲಿಲ್ಲ. "ಬಟ್ ಐ ಡೋಂಟ್ ಡ್ರಾ ನೋಸಸ್ ಲೈಕ್ ದಟ್," ಎಂದಳು.

"ಅಂದಹಾಗೆ ಚಿತ್ರದಲ್ಲಿ ಯಾರ್ಯಾರಿದಾರೆ?" ಕೇಳಿದರು ಗಿರಿಧರ್.

ಜ್ಯೋತ್ಸ್ನಾ ತಾಯಿಯ ಕಡೆ ನೋಡಿದಳು. "ಒಬ್ಬ ವಕೀಲ ಇದಾನೆ ಸರ್," ಎಂದ ವಿಘ್ನೇಶ್ ಕೊನೆಗೆ. "ತುಂಬ ಶಾಲು ಹೊದ್ದಿದಾನೆ."

"ಓ! ಶ್ರೀಕಂಠ!" ಗಿರಿಧರರ ಮುಖ ಅರಳಿತು. ಶ್ರೀಕಂಠ ನಗೋಯಾ ಸಂಘದ ಅಧ್ಯಕ್ಷರು. "ಕರೆಕ್ಟಾಗಿ ಹಿಡಿದಿದೀರ ಮೇಡಂ. ಆ ಮನುಷ್ಯನಿಗೆ ಶಾಲಿನ ಹುಚ್ಚು. ಒಂದು ಕಾಪಿ ಕಳಿಸಿ, ಪ್ಲೀಸ್."

ಕಾಲ್ ಮುಗಿದ ಮೇಲೆ ಜ್ಯೋತ್ಸ್ನಾ ತಾಯಿಯ ಪಕ್ಕ ಕೂತಳು. "ಅಮ್ಮಾ, ನೀವು ಭಾನುವಾರ ಬರೋದು ಬೇಡ. ನಿಧಿ ಅಂತ ಹೇಳಿದ್ರೆ ಏನಾಗುತ್ತೆ? ಹದಿನಾಲ್ಕು ಮಕ್ಕಳ ಕ್ಲಾಸು."

ಅನಸೂಯಾ ತಮ್ಮ ಕೈ ನೋಡಿಕೊಂಡರು. ಬಲಗೈ ಕಿರುಬೆರಳಿನ ಅಂಚಿಗೆ ಪೆನ್ಸಿಲ್ಲಿನ ಕಪ್ಪು ಇನ್ನೂ ಇತ್ತು. ನಕಲು ಹೊಡೆದು ಸಿಕ್ಕಿಬಿದ್ದು, ಪಕ್ಕದವಳ ಕಡೆ ಬೆರಳು ತೋರಿಸುತ್ತಿದ್ದ ಹುಡುಗಿಯರನ್ನು ಅವರು ಮೂವತ್ತೊಂದು ವರ್ಷ ಕಂಡವರು. "ಬರ್ತೀನಿ," ಎಂದರು. "ನಾನು ಬರೆದಿದ್ದಕ್ಕೆ ಆ ಮಗು ಯಾಕೆ ಬಗ್ಗಬೇಕು? ಕೋಣೆ ಹೋದರೆ ನನ್ನಿಂದ ಹೋಯಿತು ಅಂತ ಎಲ್ಲರಿಗೂ ನಾನೇ ಹೇಳ್ತೀನಿ."

ಭಾನುವಾರ ಹತ್ತು ಗಂಟೆಗೆ ಸಭಾಕೋಣೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ಬಾಗಿಲಲ್ಲಿ ಚಪ್ಪಲಿಗಳು ಮೂತಿ ಹೊರಗೆ ಮಾಡಿ ಸಾಲಾಗಿ ನಿಂತಿದ್ದವು. ಗಿರಿಧರರ ಹೊಳೆಯುವ ಬೂಟು ಮಾತ್ರ ಒಂದು ಆ ಕಡೆ, ಒಂದು ಈ ಕಡೆ ಬಿದ್ದಿತ್ತು. ಯಾರೋ ಹೆಂಗಸು ಬಗ್ಗಿ ಅದನ್ನೂ ಜೋಡಿಸಿಟ್ಟಳು. ಕುರಿಹಾರಾ-ಸಾನ್ ಮೇಜಿನ ಹಿಂದೆ ನೆಟ್ಟಗೆ ಕೂತಿದ್ದರು. ಅವರ ಮುಂದೆ ಆ ಹಲಗೆ. ಒಂಬತ್ತು ಚೌಕಗಳಲ್ಲಿ ಕೆಂಪು ಮುದ್ರೆ, ಹತ್ತನೆಯದು ಖಾಲಿ. ಅನಸೂಯಾ ಒಳಗೆ ಬಂದು ಕೂತ ಕೂಡಲೇ ಅವರು ಎದ್ದು ಬಂದು, ಸೀಮೆಎಣ್ಣೆಯ ಹೀಟರನ್ನು ಅವರ ಕಾಲ ಕಡೆ ತಿರುಗಿಸಿ, ಒಂದು ಮಾತೂ ಆಡದೆ ವಾಪಸು ಹೋಗಿ ಕೂತರು. ಶಿಕ್ಷೆಗೆ ಮುಂಚೆ ಕೈದಿಗೂ ಊಟ ಹಾಕುತ್ತಾರಲ್ಲ ಎಂದುಕೊಂಡರು ಅನಸೂಯಾ.

ಸಭೆ ಶುರುವಾಗುವ ಮೊದಲೇ ಗಿರಿಧರ್ ಎದ್ದರು. "ಎರಡೇ ಮಾತು," ಎಂದು ಇಂಗ್ಲಿಷಿನಲ್ಲಿ ಹೇಳಿ, ಕನ್ನಡದ ಎರಡು ಸಾವಿರ ವರ್ಷದ ಇತಿಹಾಸವನ್ನು ಮೊದಲಿನಿಂದ ಹಿಡಿದರು. ಭಾಷಾಂತರ ಮಾಡಬೇಕಾಗಿದ್ದ ವಿಘ್ನೇಶ್ ಪ್ರತಿ ಹತ್ತು ವಾಕ್ಯಕ್ಕೆ ಒಂದು ಸಣ್ಣ ಜಪಾನಿ ವಾಕ್ಯ ಹೇಳುತ್ತಿದ್ದ. ಹನ್ನೆರಡನೆಯ ಶತಮಾನ ಮುಟ್ಟುವ ಹೊತ್ತಿಗೆ ಮುಂದಿನ ಸಾಲಿನ ಮೂವರು ಹೊಟ್ಟೆಯ ಮೇಲೆ ಕೈಕಟ್ಟಿ, ಗದ್ದ ಎದೆಗೆ ಆನಿಸಿದ್ದರು. ಅನಸೂಯಾರ ಬೆರಳು ಪೆನ್ಸಿಲ್ಲಿಗಾಗಿ ತುರಿಸಿತು; ಅದನ್ನು ಮಡಿಲಲ್ಲಿ ಒತ್ತಿ ಹಿಡಿದರು. ಕಡೆಗೆ ಗಿರಿಧರ್ ಮುಂದೆ ಹೋಗಿ ಕುರಿಹಾರಾ-ಸಾನ್ ಅವರ ಹೆಗಲಿಗೆ ಮೈಸೂರು ಜರಿಯ ಶಾಲು ಹೊದಿಸಿ, ಫೋನಿನ ಕಡೆ ತಿರುಗಿ ನಕ್ಕರು. ಕುರಿಹಾರಾ-ಸಾನ್ ಎದ್ದು ಬಗ್ಗಿದರು. ಕೂತು, ಶಾಲನ್ನು ತೆಗೆದು, ಅಂಚಿಗೆ ಅಂಚು ಕೂಡಿಸಿ ಚೌಕವಾಗಿ ಮಡಚಿ, ಕಳೆದುಹೋದ ವಸ್ತುಗಳ ಡಬ್ಬದ ಮೇಲೆ ಇಟ್ಟರು. ಆಮೇಲೆ ಪ್ಲಾಸ್ಟಿಕ್ ಹೊದಿಕೆಯ ಹಾಳೆಯನ್ನು ಎತ್ತಿದರು.

ಅನಸೂಯಾ ಎದ್ದು ನಿಂತರು. ಜ್ಯೋತ್ಸ್ನಾ ಸೆರಗು ಎಳೆದದ್ದು ಗೊತ್ತಾಯಿತು, ಆದರೂ ನಿಂತರು.

"ಸುಮಿಮಾಸೆನ್," ಎಂದರು. ಕ್ಷಮೆ ಕೇಳುವ ಆ ಒಂದು ಮಾತಿಗೇ ಅವರಿಗೆ ಬರುತ್ತಿದ್ದ ಜಪಾನಿ ಮುಗಿಯಿತು. "ವಿಘ್ನೇಶ್, ನಾನು ಹೇಳಿದ್ದನ್ನ ಇದ್ದ ಹಾಗೇ ಹೇಳಿ. ಆ ಚಿತ್ರ ನಾನು ಬರೆದದ್ದು. ಮಕ್ಕಳದ್ದೇನೂ ತಪ್ಪಿಲ್ಲ. ಜಪಾನಿ ಓದಲು ಬರದೆ ಹೊಸ ನೋಟೀಸನ್ನು ಹಳೆಯದು ಅಂದುಕೊಂಡೆ. ನನ್ನ ಮೇಲಿನ ಸಿಟ್ಟನ್ನು ಮಕ್ಕಳ ಕೋಣೆಯ ಮೇಲೆ ತೀರಿಸಬೇಡಿ ಅಂತ ಬೇಡಿಕೊಳ್ತೀನಿ."

ವಿಘ್ನೇಶ್ ಹೇಳಿದ. ಕುರಿಹಾರಾ-ಸಾನ್ ಹಾಳೆಯ ಒಂದು ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ಮಾತಾಡಿದರು. ವಿಘ್ನೇಶನ ಹುಬ್ಬು ಒಂದೊಂದೇ ಗೆರೆ ಮೇಲಕ್ಕೆ ಏರಿತು.

"ಅತ್ತೆ, ಚಿತ್ರದಲ್ಲಿ ಒಂದು ಗಂಭೀರವಾದ ತಪ್ಪಿದೆಯಂತೆ. ಅವರು ಬರಿಗೈಲಿ ಕಸದ ಚೀಲಕ್ಕೆ ಕೈ ಹಾಕಿದ ಹಾಗೆ ಬರೆದಿದೀರಂತೆ. ಅವರು ಯಾವತ್ತೂ ಬಿಳಿ ಗ್ಲೌಸ್ ಹಾಕದೆ ಚೀಲ ಮುಟ್ಟಿಲ್ವಂತೆ. ಆ ಕರಟಗಳನ್ನ ಲಾರಿಯವರು ಬಿಟ್ಟುಹೋದ್ರಲ್ಲ, ಹನ್ನೊಂದು ಕಾಯಿದೂ ಇವರೇ ಮನೆಗೆ ಒಯ್ದು, ಬಾಲ್ಕನೀಲಿ ಕೂತು ಗರಗಸದಲ್ಲಿ ಸಣ್ಣದಾಗಿ ಕುಯ್ದು ಸುಡೋ ಕಸಕ್ಕೆ ಹಾಕಿದ್ರಂತೆ. ಎರಡು ದಿನ ಆಯ್ತಂತೆ. 'ಅದು ಗ್ಲೌಸ್ ಇಲ್ಲದೆ ಆಗೋ ಕೆಲಸ ಅಲ್ಲ, ತಾಯಿಯವರಿಗೇ ಗೊತ್ತಿರುತ್ತೆ' ಅಂತಿದಾರೆ. ಅದಕ್ಕೇ ಮುದ್ರೆ ಒತ್ತಿಲ್ವಂತೆ. ತಪ್ಪಿರೋ ದಾಖಲೆಗೆ ಮುದ್ರೆ ಒತ್ತೋ ಹಾಗಿಲ್ವಂತೆ."

ತೆಂಗಿನ ಕರಟ ಕುಯ್ಯುವುದು ಎಷ್ಟು ಕಷ್ಟ ಎಂದು ಅನಸೂಯಾರಿಗೆ ಗೊತ್ತಿತ್ತು.

"ಕೋಣೆ?" ಎಂದಳು ಜ್ಯೋತ್ಸ್ನಾ ತಡೆಯಲಾರದೆ.

ಕುರಿಹಾರಾ-ಸಾನ್ ಅರ್ಜಿ ತೆಗೆದರು. ಅದರಲ್ಲಿ ಎರಡು ಜಾಗ: ಅರ್ಜಿದಾರರು ಒಬ್ಬರು, ಹೊಣೆಗಾರರು ಒಬ್ಬರು. ಹೊಣೆಗಾರರು ಇದೇ ಕಟ್ಟಡದ ಬೇರೆ ಮನೆಯವರಾಗಿರಬೇಕು. ನಲ್ಲಿ ಸೋರಿದರೆ, ದೀಪ ಆರಿಸಲು ಮರೆತರೆ ಓಡಿಬರುವವರು ಬೇಕು. ಆದರೆ ಬರೆದಿದ್ದ ಹೆಸರು ಯೋಕೋಹಾಮಾದ ಗಿರಿಧರರದು. ಫೋನ್ ಮಾಡಿದರೆ ಎತ್ತುವುದಿಲ್ಲ. ತಿದ್ದಿಕೊಡಿ ಎಂದು ಅವರಿಗೇ ಮೂರು ಕಾಗದ ಬರೆದರೂ ಉತ್ತರವಿಲ್ಲ. ಗದ್ದಲದ ದೂರು? ಯಾರೂ ಕೊಟ್ಟಿರಲಿಲ್ಲ.

ಎಲ್ಲರೂ ಗಿರಿಧರರ ಕಡೆ ತಿರುಗಿದರು.

"ಅಲ್ಲಿ ಅಧ್ಯಕ್ಷರ ಹೆಸರೇ ಇರಬೇಕು ಅಂತ ನೀವೇ ಹೇಳಿದ್ರಿ ಸರ್," ಎಂದಳು ಜ್ಯೋತ್ಸ್ನಾ.

"ಹೌದಮ್ಮಾ, ಸಂಘದ ಘನತೆ ಅಂತ ಒಂದಿದೆಯಲ್ಲ... ಆ ಕಾಗದಗಳು, ಅವು ಜಪಾನೀಸಲ್ಲಿದ್ವು. ಇನ್ಶೂರೆನ್ಸ್‌ನೋರು ಅಂದ್ಕೊಂಡೆ." ಗಿರಿಧರ್ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ಈಗ ನನ್ನ ಹೆಸರು ತೆಗೀತಾರಾ?"

ಈಗ ಹೆಸರು ಬದಲಾಯಿಸದಿದ್ದರೆ ಮುಂದಿನ ವರ್ಷವೇ ಎಂದರು ಕುರಿಹಾರಾ-ಸಾನ್. ಅರ್ಜಿಯ ಕೊನೆಯ ದಿನ ಇವತ್ತು. ಕೋಣೆಯಲ್ಲಿ ಕೂತ ಬೇರೆ ಮನೆಯವರೆಲ್ಲ ತಮ್ಮ ತಮ್ಮ ಮೊಣಕಾಲು ನೋಡಿಕೊಂಡರು. ಹೊಣೆ ಹೊರುವುದು ಸಣ್ಣ ಮಾತಲ್ಲ.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಸುಗಿಯಾಮಾ-ಸಾನ್ ಕೋಲೂರಿ ಮೆಲ್ಲಗೆ ಮುಂದೆ ಬಂದರು. ಕೈಚೀಲದಿಂದ ಒಂದು ಪುಟ್ಟ ರೇಷ್ಮೆ ಸಂಚಿ, ಸಂಚಿಯಿಂದ ಕಿರುಬೆರಳಷ್ಟು ದಪ್ಪದ ಮುದ್ರೆ ತೆಗೆದು, ಬಾಯಲ್ಲಿ ಹಾ ಎಂದು ಊದಿ, ಹೊಣೆಗಾರರ ಚೌಕದಲ್ಲಿ ಒತ್ತಿದರು. ಆಮೇಲೆ ಅನಸೂಯಾರ ಕಡೆ ತಿರುಗಿ ಏನೋ ಹೇಳಿದರು.

ವಿಘ್ನೇಶ್ ಕನ್ನಡದಲ್ಲಿ ಹೇಳಿದ. "ಅವರ ಗಂಡ ಸ್ಕೂಲ್ ಮೇಷ್ಟ್ರಂತೆ ಅತ್ತೆ. ಮನೆ ಪಕ್ಕದಲ್ಲೇ ಸ್ಕೂಲು. ಮಕ್ಕಳು ಒಟ್ಟಿಗೆ ಕೂಗೋದು ಕೇಳದೆ ಇಪ್ಪತ್ತು ವರ್ಷ ಆಗಿತ್ತಂತೆ. ಶನಿವಾರ ಬೆಂಚ್ ಮೇಲೆ ಕೂತು... ಸುಮ್ನೆ ಕೇಳೋಕೆ ಬರ್ತಿದ್ರಂತೆ."

ಅನಸೂಯಾರ ಕಿವಿಯವರೆಗೆ ಬಿಸಿ ಏರಿತು. ಮೊರದಗಲದ ಆ ಕಿವಿಯನ್ನು ಬರೆದಾಗ ತಮಗೆ ಆದ ಖುಷಿ ನೆನಪಾಯಿತು. "ಆ ಕಿವಿ ಅಳಿಸಿಬಿಡ್ತೀನಿ, ಸಣ್ಣದು ಮಾಡ್ತೀನಿ ಅಂತ ಹೇಳಿ," ಎಂದರು.

ಸುಗಿಯಾಮಾ-ಸಾನ್ ಕೈ ಅಡ್ಡ ಆಡಿಸಿದರು. "ಬೇಡ. ನಿಜವಾಗಿ ಅಷ್ಟು ದೊಡ್ಡ ಕಿವಿ ಇದ್ದಿದ್ರೆ ಬಾಗಿಲು ಹಾಕಿದಾಗಲೂ ಕೇಳಿಸ್ತಿತ್ತು, ಅಂತಿದಾರೆ," ಎಂದ ವಿಘ್ನೇಶ್.

"ಇನ್ಮೇಲೆ ಒಳಗೇ ಬಂದು ಕೂತ್ಕೊಳ್ಳಿ ಅಂತ ಹೇಳಿ ವಿಘ್ನೇಶ್," ಎಂದಳು ಜ್ಯೋತ್ಸ್ನಾ. ಜಪಾನಿ ತನಗೂ ಬರುತ್ತದೆ ಎಂಬುದೇ ಆ ಕ್ಷಣಕ್ಕೆ ಅವಳಿಗೆ ಮರೆತುಹೋಗಿತ್ತು.

ಗಿರಿಧರ್ ಎರಡನೆಯ ಶಾಲು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದರು. ಪಾಪ, ಅವರಿಗೆ ಗೊತ್ತಿದ್ದ ಕೃತಜ್ಞತೆ ಒಂದೇ ಬಗೆಯದು. ಹೋಗಿ ಸುಗಿಯಾಮಾ-ಸಾನ್‌ಗೆ ಹೊದಿಸಿದರು. ಈ ಸಲ ಫೋನಿನ ಕಡೆ ತಿರುಗುವುದನ್ನು ಮರೆತರು. ಮುದುಕಿ ಅದನ್ನು ಹೆಗಲಿಂದ ಇಳಿಸಿ, ಕುರ್ಚಿಯಲ್ಲಿ ಕೂತು ಮೊಣಕಾಲಿನ ಮೇಲೆ ಹರಡಿಕೊಂಡು, ಜರಿಯ ಅಂಚನ್ನು ಕಾಲಿನ ಸುತ್ತ ಒತ್ತಿ ಸಿಕ್ಕಿಸಿಕೊಂಡರು. "ಅತ್ತಕಾಯ್," ಎಂದರು.

"ಬೆಚ್ಚಗಿದೆಯಂತೆ ಸರ್," ಎಂದ ವಿಘ್ನೇಶ್.

"ಹೌದಾ?" ಎಂದರು ಗಿರಿಧರ್ ಆಶ್ಚರ್ಯದಿಂದ. ನೂರಾರು ಜನಕ್ಕೆ ಶಾಲು ಹೊದಿಸಿದ್ದರೂ ಈ ಮಾತನ್ನು ಅವರಿಗೆ ಹಿಂದೆ ಯಾರೂ ಹೇಳಿರಲಿಲ್ಲ.

ಕುರಿಹಾರಾ-ಸಾನ್ ಹಾಳೆಯನ್ನು ಹೊದಿಕೆಯಿಂದ ಹೊರತೆಗೆದು, ಪೆನ್ಸಿಲ್ಲಿನ ಜೊತೆ ಅನಸೂಯಾರ ಮುಂದಿಟ್ಟರು. ಆಗಲೇ ಅನಸೂಯಾ ಕೆಳಗಿನ ಪಟ್ಟಿ ನೋಡಿದ್ದು. ಖಾಲಿ ಬಿಟ್ಟಿದ್ದ ಜಾಗದಲ್ಲಿ ಬೇರೆಬೇರೆ ಕೈಬರಹದ ಏಳು ಸಾಲುಗಳು. ಹಲಗೆಯಲ್ಲಿ ಬಂದದ್ದೆಲ್ಲ ಸಂಘದ್ದೇ ಆದ್ದರಿಂದ, ಅಧ್ಯಕ್ಷರು ಕರಟದ ಬಗ್ಗೆ ಅಭಿಪ್ರಾಯ ಕೇಳಿದ್ದಾರೆ ಎಂದುಕೊಂಡು ಮನೆಮನೆಯವರೂ ಕರ್ತವ್ಯದಂತೆ ಉತ್ತರ ಬರೆದಿದ್ದರು. ವಿಘ್ನೇಶ್ ಓದಿದ: "'ಎರಡನೇ ಮಹಡಿ: ತೆಂಗಿನಕಾಯಿಯನ್ನು ಇದುವರೆಗೆ ನೋಡಿಲ್ಲ, ಆದರೂ ಸುಡಬಹುದೆಂದು ತೋರುತ್ತದೆ.' 'ಐದನೇ ಮಹಡಿ: ನಮ್ಮ ಮನೆಯಿಂದ ಆಕ್ಷೇಪವಿಲ್ಲ.' 'ನಾಲ್ಕನೇ ಮಹಡಿ: ಆರೋಪಿಯ ಕಣ್ಣುಗಳು ಮುದ್ದಾಗಿವೆ, ದಯವಿಟ್ಟು ಬಿಟ್ಟುಬಿಡಿ.'"

ಗಿರಿಧರ್ ಅವನ ಹೆಗಲ ಮೇಲಿಂದ ಬಗ್ಗಿ ಚಿತ್ರ ನೋಡಿದರು. "ಶ್ರೀಕಂಠನೇ!" ಎಂದರು ತೃಪ್ತಿಯಿಂದ. "ಆದರೆ ಮೇಡಂ, ಪೇಟ ಸ್ವಲ್ಪ ನನ್ನ ಪೇಟದ ಥರಾನೇ ಬಂದ್ಬಿಟ್ಟಿದೆ."

ಅನಸೂಯಾ ತಲೆ ತಗ್ಗಿಸಿ ಪೆನ್ಸಿಲ್ ಎತ್ತಿಕೊಂಡರು. ನ್ಯಾಯಾಧೀಶರ ಮೊಣಕೈವರೆಗೆ ಮುಚ್ಚಿದ್ದ ಚೀಲದ ಕಪ್ಪನ್ನು ರಬ್ಬರಿನಿಂದ ಮೆಲ್ಲಗೆ ಅಳಿಸಿ, ಆ ಕೈಗೆ ಗ್ಲೌಸ್ ಬರೆದರು, ಮಣಿಕಟ್ಟಿನ ಬಳಿ ಸಣ್ಣ ಗುಂಡಿಯ ಸಮೇತ. ಭೂತಗನ್ನಡಿ ಹಿಡಿದ ಕೈಗೂ ಒಂದು ಹಾಕಿದರು. ಕುರಿಹಾರಾ-ಸಾನ್ ಕನ್ನಡಕ ಮೇಲೆತ್ತಿ, ಹಾಳೆಯನ್ನು ಕಣ್ಣ ಬಳಿ ಹಿಡಿದು, ಎರಡೂ ಕೈ ಪರೀಕ್ಷಿಸಿದರು. ಗುಂಡಿಯನ್ನು ಎರಡು ಸಲ ನೋಡಿದರು.

ಆಮೇಲೆ ಮುದ್ರೆ ತೆಗೆದು, ಹತ್ತನೆಯ ಚೌಕದಲ್ಲಿ, ಗೆರೆಗೆ ತಾಗದ ಹಾಗೆ ಒತ್ತಿದರು.